ಇನ್ನೊಂದು ಸೀನು

ಊರವರ ಮನೆಯ ಬಾಗಿಲು ತೆರೆದರೆ ಬಹಳವೆಂದರೆ ಕಿರ್ರೆನ್ನುತ್ತದೆ. ಮಾನ್ವಿಯ ನಮ್ಮ ಮನೆಯ ಬಾಗಿಲು ಒಮ್ಮೆ ಕತ್ತೆಯ ಹಾಗೆ ಅರಚುತ್ತಿತ್ತು, ಒಮ್ಮೆ ಹುಂಜದ ಹಾಗೆ ಕೂಗುತ್ತಿತ್ತು, ಮತ್ತೊಮ್ಮೆ ಬಸ್ ಕಂಡಕ್ಟರನ ಸೀಟಿ ಊದುತ್ತಿತ್ತು. ಕೇಳಿ ನಗುವವರು ನಗಲಿ. ದಿನಕ್ಕೆ ಇಪ್ಪತ್ತು ಸಲ ಆ ಬಾಗಿಲು ತೆರೆದು ನೀರಿಗೆ, ಕಸಕ್ಕೆ, ಹಾಲಿಗೆ ಹೋಗುತ್ತಿದ್ದವಳು ನಾನು. ಎಂಬತ್ತರ ದಶಕದ ನಡುವಿನ ಆ ದಿನಗಳನ್ನು ನೆನೆದರೆ ನನಗೆ ಈಗಲೂ ತಲೆ ಚಿಟ್ಟು ಹಿಡಿಯುತ್ತದೆ.

ಇದೆಲ್ಲ ನಮ್ಮ ಮನೆಯವರ ಕಿತಾಪತಿ. ಅವರದು ಮಾನ್ವಿಯ ಬಜಾರಿನಲ್ಲಿ ರೇಡಿಯೋ ರಿಪೇರಿ ಅಂಗಡಿ. ಯಾರೋ ರಿಪೇರಿಗೆಂದು ಕೊಟ್ಟು ಮರೆತುಹೋದ ಒಂದು ಟೇಪ್ ರೆಕಾರ್ಡರನ್ನು ಮನೆಗೆ ತಂದು, ಬಾಗಿಲ ಚೌಕಟ್ಟಿಗೆ ಸ್ವಿಚ್ಚು ಕೂರಿಸಿ, ಎರಡಕ್ಕೂ ವಯರು ಎಳೆದರು. ಬಾಗಿಲು ತೆರೆದರೆ ಟೇಪು ತಿರುಗುವುದು, ಮುಚ್ಚಿದರೆ ನಿಲ್ಲುವುದು. ಕ್ಯಾಸೆಟ್ಟಿನೊಳಗಿನ ರೀಲನ್ನು ಕತ್ತರಿಸಿ ತುದಿಗೆ ತುದಿ ಅಂಟಿಸಿದ್ದರಿಂದ ಅದು ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತಿತ್ತು. ಬಾಗಿಲು ತೆರೆದಾಗ ಯಾವ ಸದ್ದು ಬರುತ್ತದೆಂದು ಮಾಡಿದವರಿಗೂ ಗೊತ್ತಿರಲಿಲ್ಲ. ಬಿರುಬೇಸಿಗೆಯಲ್ಲಿ ಗಾಳಿಗೆಂದು ಬಾಗಿಲು ತೆರೆದಿಟ್ಟರೆ ಕತ್ತೆ, ಹುಂಜ, ಸೀಟಿ ಒಂದರ ಹಿಂದೊಂದು ನಿಲ್ಲದೆ ಬರುತ್ತಿದ್ದವು. ಹಾಗಾಗಿ ನಾವು ರಾಯಚೂರು ಸೀಮೆಯ ಬಿಸಿಲಲ್ಲಿ ಬಾಗಿಲು ಮುಚ್ಚಿಕೊಂಡು ಬೇಯುತ್ತಿದ್ದೆವು.

ಸದ್ದನ್ನೆಲ್ಲ ಅವರು ಸತ್ತುಹೋಗುತ್ತಿರುವ ಸೆಲ್ಲು ಹಾಕಿ ಹಿಡಿದಿದ್ದರು. ಸೆಲ್ಲಿನ ಮೇಲೆ ನಿಧಾನವಾಗಿ ತುಂಬಿಕೊಂಡದ್ದು ಕರೆಂಟಿನ ಮೇಲೆ ಜೋರಾಗಿ ಓಡಿ, ಎಲ್ಲರ ದನಿಯೂ ಕೀಚಲಾಗುತ್ತಿತ್ತು. ಅಗಸರ ಕತ್ತೆ ನಾಯಿಮರಿಯಾಗಿತ್ತು. ನನ್ನದೂ ಒಂದು ಮಾತು ಅದರಲ್ಲಿತ್ತು. ನಾನು ಒಲೆಯ ಮುಂದೆ ಕುಳಿತು, ಏನ್ರೀ, ಊಟಕ್ಕ ಬರ್ತೀರೋ ಇಲ್ಲೋ ಎಂದು ಬೇಸತ್ತು ಕೇಳಿದ್ದನ್ನು ನನಗೆ ಗೊತ್ತಾಗದ ಹಾಗೆ ಹಿಡಿದು ಇಲಿಯ ದನಿಯಲ್ಲಿ ಓಣಿಗೆಲ್ಲ ಕೇಳಿಸಿದರು. ತರಕಾರಿ ಮಾರುವಾಕೆ ಒಂದು ದಿನ, ಯಕ್ಕಾ, ಬಾಗಲದಾಗ ಮಾತಾಡ್ತೀಯಲ್ಲ, ಹಂಗ ಒಮ್ಮಿ ಮಾತಾಡಿ ತೋರ್ಸು ಎಂದಳು. ಮೈ ಉರಿದುಹೋಯಿತು.

ಮಗ್ಗುಲ ಮನೆಯಲ್ಲಿ ಕಟ್‌ಪೀಸು ಬಟ್ಟೆ ವ್ಯಾಪಾರದ ಒಬ್ಬ ಹಿರಿಯರಿದ್ದರು. ಓಣಿಗೆಲ್ಲ ಅವರು ಚಾಚಾ. ಕೆಲಸವಿರಲಿ ಬಿಡಲಿ, ದಿನಕ್ಕೆರಡು ಸಲ ಬಂದು ನಮ್ಮ ಬಾಗಿಲು ನೂಕಿ, ಆಜ್ ಕ್ಯಾ ಬೋಲ್ರಾ ತುಮಾರಾ ದರವಾಜಾ, ಇವತ್ತು ನಿಮ್ಮ ಬಾಗಿಲು ಏನನ್ನುತ್ತದೆ ಎಂದು ಕೇಳಿ, ಕತ್ತೆ ಬಂದರೆ ಹೊಟ್ಟೆ ಹಿಡಿದುಕೊಂಡು ನಕ್ಕು, ಚಿಟಿಕೆ ನಶ್ಯ ಏರಿಸಿ ಹೋಗುತ್ತಿದ್ದರು. ಇಂಥವರು ಇರುವ ತನಕ ನಮ್ಮ ಮನೆಯವರಿಗೆ ಬುದ್ಧಿ ಬರುವುದು ಹೇಗೆ?

ಟೇಪಿನಲ್ಲಿದ್ದ ಐದನೆಯ ಸದ್ದು ನಮ್ಮ ಮಾವನ ಸೀನು. ಕತೆ ಇರುವುದು ಅದರಲ್ಲಿಯೇ.

ಮಾವ ಹತ್ತಿಯ ಮಿಲ್ಲಿನಲ್ಲಿ ಹಮಾಲಿ ಮಾಡಿದವರು. ಒಂದು ಮುಂಜಾನೆ ಕೆಲಸಕ್ಕೆ ಹೊರಟಾಗ ಯಾರೋ ಒಂಟಿ ಸೀನು ಸೀನಿದರಂತೆ. ಹೊತ್ತಾಯಿತೆಂದು ಇವರು ನಿಲ್ಲದೆ ಹೋದರು. ಅದೇ ದಿನ ಹತ್ತಿಯ ಅಂಡಿಗೆ ಹೇರಿದ ಲಾರಿಯ ಮೇಲಿಂದ ಬಿದ್ದು ಎಡಗಾಲು ಮುರಿಯಿತು. ಕಾಲು ಕೂಡಿತು, ಆದರೆ ನೆಟ್ಟಗೆ ಕೂಡಲಿಲ್ಲ. ಅಂದಿನಿಂದ ಬಾಗಿಲ ಬಳಿಯ ಹಗ್ಗದ ಹೊರಸೇ ಅವರ ಜಾಗ, ಹೋಗಿಬರುವವರ ಶಕುನ ನೋಡುವುದೇ ಅವರ ಕೆಲಸ. ಸೀನಿನ ಕಾನೂನು ಅವರಿಗೆ ಬಾಯಿಪಾಠ. ಒಂಟಿ ಸೀನಾದರೆ ಒಳಗೆ ಬಂದು ಕೂತು ನೀರು ಕುಡಿಯಬೇಕು. ಜೋಡಿ ಸೀನಾದರೆ ಕಣ್ಣುಮುಚ್ಚಿ ಹೋಗಬಹುದು. ನೆಗಡಿಯ ಸೀನು, ನಶ್ಯದ ಸೀನು ಲೆಕ್ಕಕ್ಕಿಲ್ಲ, ಏಕೆಂದರೆ ಅವು ಕರೆಸಿಕೊಂಡು ಬಂದವು. ಈ ಕಾರಣಕ್ಕೇ ಚಾಚಾನ ಸೀನಿಗೆ ನಮ್ಮ ಮನೆಯಲ್ಲಿ ಮೂರುಕಾಸಿನ ಬೆಲೆ ಇರಲಿಲ್ಲ.

ಮಾವ ಮಾತ್ರ ಹುಟ್ಟಿದಾಗಿನಿಂದ ಜೋಡಿ ಸೀನಿನವರು. ಒಂದು ಬಂದರೆ ಅದರ ಬೆನ್ನಿಗೇ ಇನ್ನೊಂದು. ಎದುರು ಮನೆಯವರು ರಾಯಚೂರಿನ ಕೋರ್ಟಿಗೆ ಹೊರಟಾಗ ಈ ಸೀನಿಗಾಗಿ ನಮ್ಮ ಕಟ್ಟೆಯ ಮೇಲೆ ಕಾದು ಕುಳಿತದ್ದುಂಟು. ಅದಕ್ಕೇ ಮಗ ಅದನ್ನು ಟೇಪಿಗೆ ಹಾಕಿದಾಗ ಮಾವ ಹಿಗ್ಗಿದರು. ತಾನು ಮಲಗಿದ್ದರೂ ಹೋಗುವವರಿಗೆ ಒಳ್ಳೆಯದಾಗಲಿ ಎಂದರು. ಆ ಮನೆಯಲ್ಲಿ ತಲೆ ನೆಟ್ಟಗಿದ್ದವಳು ನಾನೊಬ್ಬಳೇ ಎಂದು ಆಗ ತಿಳಿದಿದ್ದೆ.

ಹೀಗಿರುವಾಗ ಒಂದು ಮಂಗಳವಾರ ನನ್ನ ಆರ್ಡರು ಬಂತು. ದೇವದುರ್ಗ ತಾಲೂಕಿನ ಅರಕೇರಾ ಕಡೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರಿಕೆ. ಶುಕ್ರವಾರದೊಳಗೆ ದೇವದುರ್ಗದ ಆಫೀಸಿಗೆ ಹಾಜರಾಗದಿದ್ದರೆ ಕೆಲಸ ಮುಂದಿನವರಿಗೆ ಹೋಗುತ್ತದೆಂದು ಕೆಳಗೆ ಟೈಪು ಮಾಡಿದ್ದರು. ಟಪಾಲು ಎಲ್ಲಿ ಸುತ್ತಾಡಿತ್ತೋ, ನನ್ನ ಕೈಗೆ ಬಂದಾಗ ಉಳಿದದ್ದು ಮೂರೇ ದಿನ.

ಆ ಹಾಳೆ ನನಗೆ ಏನಾಗಿತ್ತೆಂದು ಹೇಳಬೇಕು. ರಾಯಚೂರಿನಲ್ಲಿ ನಮ್ಮವ್ವ ಅಕ್ಕಿ ಗಿರಣಿಯ ಅಂಗಳದಲ್ಲಿ ಭತ್ತ ತಿರುವಿ ನನ್ನನ್ನು ಓದಿಸಿದಳು. ಸುಡುವ ಸಿಮೆಂಟಿನ ಮೇಲೆ ಬರಿಗಾಲಲ್ಲಿ ಭತ್ತ ಒದೆಯುತ್ತ ನಡೆದು ನಡೆದು ಅವಳ ಅಂಗಾಲು ಹಲಗೆಯಾಗಿತ್ತು. ನಮ್ಮ ಓಣಿಯಲ್ಲಿ ಮೆಟ್ರಿಕ್ ದಾಟಿ ಮಾಸ್ತರ ತರಬೇತಿ ಮುಗಿಸಿದ ಮೊದಲ ಹುಡುಗಿ ನಾನು. ಮುಗಿಸಿ, ಮದುವೆಯಾಗಿ, ಎರಡು ವರ್ಷ ಕತ್ತೆಯ ಬಾಗಿಲು ಕಾಯುತ್ತ ಕುಳಿತಿದ್ದೆ. ಈ ಕೆಲಸ ಕೈಬಿಟ್ಟರೆ ಇನ್ನೊಂದು ಬರುತ್ತದೆಂಬ ಆಸೆ ನನಗಿರಲಿಲ್ಲ.

ನಮ್ಮ ಮನೆಯವರು ಆರ್ಡರನ್ನು ಎರಡು ಸಲ ಓದಿದರು. ದಿನಾ ಹೋಗಿಬರುವ ದೂರವಲ್ಲ, ವಾರವೆಲ್ಲ ಅಲ್ಲೇ ಇದ್ದು ಶನಿವಾರ ಬರಬೇಕಾಗುತ್ತದೆ ಎಂದು ನಾನು ಹೇಳಿದೆ. ಚಲೋ ಆತು ಎಂದು ಹಾಳೆ ಮಡಚಿ ಕೊಟ್ಟು, ಟೇಪಿನ ಮುಂದೆ ಹೋಗಿ ಕುಳಿತರು. ಅದೇ ಸಂಜೆ ರೀಲು ಸಿಕ್ಕಿಕೊಂಡು ಹರಿದಿತ್ತು. ಹರಿದ ತುಂಡು ಕಿತ್ತೆಸೆದು ಮತ್ತೆ ಅಂಟಿಸಿದರು. ನಾನು ಆ ತುಂಡುಗಳನ್ನು ಎತ್ತಿಕೊಂಡು ಹೋಗಿ, ಮಾಳಿಗೆಯ ಮೇಲೆ ಒಣಗಹಾಕಿದ್ದ ಸಂಡಿಗೆಗೆ ಕಾಗೆ ಬರದಂತೆ ಹಳೆಯ ತುಂಡುಗಳ ಜೊತೆ ಹಗ್ಗಕ್ಕೆ ಕಟ್ಟಿ ಬಂದೆ. ಗಾಳಿಗೆ ಅವು ಫಳಫಳ ಹೊಳೆಯುತ್ತಿದ್ದವು.

ಬುಧವಾರ ಬೆಳಿಗ್ಗೆ ಟ್ರಂಕು ಹಿಡಿದು ಹೊರಟೆ. ಸಿರವಾರದ ಮೇಲೆ ದೇವದುರ್ಗಕ್ಕೆ ನೇರ ಹೋಗುವ ಬಸ್ಸು ಮುಂಜಾನೆ ಒಂದೇ. ಅದು ತಪ್ಪಿದರೆ ಆಫೀಸಿನ ಹೊತ್ತಿಗೆ ಮುಟ್ಟುವುದಾಗುತ್ತಿರಲಿಲ್ಲ. ಮಾವನ ಕಾಲಿಗೆ ನಮಸ್ಕರಿಸಿ ಬಾಗಿಲು ತೆರೆದೆ. ಬಾಗಿಲು ಆಕ್ಷಿ ಎಂದಿತು. ಒಂದೇ ಸಲ. ಅದರ ಬೆನ್ನಿಗೆ ಹುಂಜ ಕೂಗಿತು.

ಮಾವ ಹೊರಸಿನ ಮೇಲೆ ಎದ್ದು ಕುಳಿತರು. ತಮ್ಮ ಇನ್ನೊಂದು ಸೀನು ಎಲ್ಲಿ ಎಂದು ಮಗನನ್ನು ಕೇಳಿದರು. ಎರಡನೆಯ ಸೀನು ಹರಿದ ತುಂಡಿನಲ್ಲಿ ಹೋಗಿದೆ ಎಂದು ಆಗ ಹೊಳೆಯಿತು. ನಾನು ನಕ್ಕುಬಿಟ್ಟೆ. ಮಾವ ನಗಲಿಲ್ಲ. ಒಳಗೆ ಬಂದು ಕೂಡು ಎಂದರು, ಕೂತೆ. ನೀರು ಕುಡಿ ಎಂದರು, ಕುಡಿದೆ. ಇನ್ನು ಸ್ವಲ್ಪ ಕೂಡು ಎಂದರು. ಅಷ್ಟರಲ್ಲಿ ಬಸ್ಸು ಹೋಯಿತು.

ಆ ದಿನವೆಲ್ಲ ಮನೆಯಲ್ಲಿ ಒಂದೇ ವಾದ. ಟೇಪಿನ ಸೀನು ಸೀನೇ ಅಲ್ಲ, ಅದಕ್ಕೆ ಮೂಗಿಲ್ಲ, ನೆಗಡಿಯಿಲ್ಲ, ಅದು ತಂತಿ ಮತ್ತು ಪ್ಲಾಸ್ಟಿಕ್ಕು ಎಂದು ನಾನು ಹೇಳಿದೆ. ಮಾವ ಸಮಾಧಾನವಾಗಿಯೇ ಉತ್ತರ ಕೊಟ್ಟರು. ರೇಡಿಯೋದಲ್ಲಿ ಸಾವಿನ ಸುದ್ದಿ ಬಂದರೆ ಸತ್ತವರು ಸತ್ತಂತೆಯೇ ಅಲ್ಲವೇ, ರೇಡಿಯೋಕ್ಕೆ ಎಲ್ಲಿ ಬಾಯಿದೆ ಎಂದರು. ಅದಲ್ಲದೆ ಅದು ತಮ್ಮದೇ ಸೀನು. ತಮ್ಮ ಮೂಗಿನಿಂದ ಬಂದದ್ದು ತಮ್ಮ ಸೊಸೆಗೆ ಕೆಟ್ಟದ್ದು ಮಾಡಿದರೆ ಯಾರ ಮುಂದೆ ಹೇಳಿಕೊಳ್ಳುವುದು? ಟೇಪಿನಿಂದ ಅದನ್ನು ತೆಗೆಸು, ಇಲ್ಲವೇ ಇನ್ನೊಂದನ್ನು ಹಚ್ಚಿಸು, ಅರ್ಧ ಸೀನು ಮನೆಯಲ್ಲಿ ಇರಬಾರದು ಎಂದರು. ಇಂಥವರ ಜೊತೆ ಯಾವ ತರಬೇತಿ ಪಡೆದವಳು ತಾನೇ ವಾದ ಮಾಡಿಯಾಳು?

ನಮ್ಮ ಮನೆಯವರು ಸಂಜೆ ತೆಗೆಯುತ್ತೇನೆಂದರು. ಸಂಜೆ ಬಂದವರು, ಬ್ಲೇಡು ಅಂಗಡಿಯಲ್ಲೇ ಉಳಿಯಿತು ಎಂದರು. ಗಡ್ಡ ಕೆರೆಯುವ ಬ್ಲೇಡು ಕನ್ನಡಿಯ ಹಿಂದೆ ಇರಲಿಲ್ಲವೇ ಎಂದು ನಾನು ಆಗ ಕೇಳಲಿಲ್ಲ. ತಲೆಗೆ ಹೊಳೆಯಲೇ ಇಲ್ಲ.

ಗುರುವಾರ ನಾನು ಜಾಣತನ ಮಾಡಲು ಹೋದೆ. ಹೊರಡುವ ಮೊದಲು ಟೇಪಿನ ಕರೆಂಟಿನ ಪಿನ್ನು ಕಿತ್ತಿಟ್ಟೆ. ಮಾವ ನೋಡಿಬಿಟ್ಟರು. ಬಯ್ಯಲಿಲ್ಲ. ಎಡಗಾಲನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಕಿವಿ ಮುಚ್ಚಿಕೊಂಡು ಹೋದರೆ ಸೀನು ತಪ್ಪುವುದಿಲ್ಲ, ನಾನೂ ಅಂದು ಕೇಳಿಸದ ಹಾಗೆಯೇ ಹೋಗಿದ್ದೆ ಎಂದರು. ಆ ಕಾಲು ನೋಡಿ ನನಗೆ ಹೆಜ್ಜೆ ಇಡಲಾಗಲಿಲ್ಲ. ಸಿಟ್ಟು ಬಂದದ್ದು ಅದಕ್ಕೇ. ಗದರಿದ್ದರೆ ನಾನೂ ಗದರಿ ಹೋಗಬಹುದಿತ್ತು.

ಇನ್ನೊಂದು ಸೀನು ಹೊಸದಾಗಿ ಹಿಡಿಯೋಣವೆಂದರೆ ಮಾವನಿಗೆ ಸೀನು ಬರಲಿಲ್ಲ. ಅಂಗಳದಲ್ಲಿ ಕುಳಿತು ಸೂರ್ಯನನ್ನು ನೋಡಿದರು, ಕಣ್ಣಲ್ಲಿ ನೀರು ಬಂತು, ಸೀನು ಬರಲಿಲ್ಲ. ಕರೆದಾಗ ಬರಾಕ ಅದೇನು ಆಳೇನವ್ವಾ ಎಂದರು. ಕೊನೆಗೆ ನಾನು ಮಾಳಿಗೆ ಹತ್ತಿದೆ. ಹಗ್ಗಕ್ಕೆ ಕಟ್ಟಿದ ಕಂದು ತುಂಡುಗಳು ಹದಿನೈದೋ ಇಪ್ಪತ್ತೋ ಇದ್ದವು, ಹಳೆಯವು, ಹೊಸವು, ಎಲ್ಲ ಒಂದೇ ನಮೂನೆ. ಅದರಲ್ಲಿ ಯಾವುದರಲ್ಲಿ ನಮ್ಮ ಮಾವನ ಸೀನಿತ್ತು? ಸರ್ಕಾರದ ಆರ್ಡರನ್ನು ಕುಪ್ಪಸದೊಳಗೆ ಇಟ್ಟುಕೊಂಡು, ಉರಿಬಿಸಿಲಲ್ಲಿ ಸಂಡಿಗೆಯ ನಡುವೆ ನಿಂತು ಸೀನು ಹುಡುಕಿದ ಮಾಸ್ತರಿಣಿ ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಎಲ್ಲವನ್ನೂ ಬಿಚ್ಚಿ ತಂದು ನಮ್ಮ ಮನೆಯವರ ಮುಂದೆ ಸುರಿದೆ. ಅವರು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ, ಬಿಸಿಲಿಗೆ ಹಾಳಾಗ್ಯಾವ ಎಂದು ಹೇಳಿ ಅಂಗಡಿಗೆ ಹೋದರು. ಸೀನು ಕಣ್ಣಿಗೆ ಕಾಣುವುದಿಲ್ಲ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ.

ಶುಕ್ರವಾರ ಕೊನೆಯ ದಿನ. ಕತ್ತೆಯೇ ಕೂಗಲಿ, ಆಕಾಶವೇ ಸೀನಲಿ, ಇವತ್ತು ಹೋಗುವುದೇ ಎಂದು ನಿರ್ಧಾರ ಮಾಡಿಕೊಂಡು ಎದ್ದೆ. ರೊಟ್ಟಿ ಬಡಿದಿಟ್ಟೆ. ಪಲ್ಲೆ ಮಾಡಿಟ್ಟೆ. ನಮ್ಮ ಮನೆಯವರು ಗೋಡೆಗೆ ಒರಗಿ ನಿಂತಿದ್ದರು. ಟೇಪಿನ ಪಿನ್ನು ಹಚ್ಚಿಯೇ ಇತ್ತು. ಚಾಚಾ ಬೆಳಬೆಳಿಗ್ಗೆಯೇ ಬಂದು ಮಾವನ ಹೊರಸಿನ ಮೇಲೆ ಕುಳಿತಿದ್ದರು, ಇಬ್ಬರೂ ಏನೋ ಪಿಸುಗುಟ್ಟಿದ್ದರು. ತಮಾಷೆ ನೋಡಲು ಬಂದಿದ್ದಾರೆ ಎಂದು ಅವರ ಮೇಲೂ ನನಗೆ ಸಿಟ್ಟಿತ್ತು.

ಬಾಗಿಲು ತೆರೆದೆ. ಐದು ಸದ್ದಿನಲ್ಲಿ ಬೇರೆ ಯಾವುದಾದರೂ ಬರಬಾರದಿತ್ತೇ? ಆಕ್ಷಿ ಎಂದಿತು.

ಒಂದು ಕಾಲು ಹೊಸ್ತಿಲ ಆಚೆ, ಒಂದು ಈಚೆ. ನಿರ್ಧಾರ ಮಾಡಿಕೊಂಡು ಬಂದವಳಿಗೆ ಕಾಲು ಏಳಲಿಲ್ಲ. ನಾಚಿಕೆಯಾದರೂ ಹೇಳುತ್ತೇನೆ, ನನಗೆ ಭಯವಾಯಿತು. ಮಕ್ಕಳಿಗೆ ವಿಜ್ಞಾನ ಹೇಳಿಕೊಡಲು ಹೊರಟವಳು ಪ್ಲಾಸ್ಟಿಕ್ಕಿನ ಸೀನಿಗೆ ಬೆವತು ನಿಂತೆ. ನಿಂತಷ್ಟೂ ಹೊತ್ತು ಟೇಪು ತಿರುಗುತ್ತಲೇ ಇತ್ತು. ಹುಂಜ ಕೂಗಿತು. ಆಮೇಲೆ ನನ್ನದೇ ಇಲಿಯ ದನಿ, ಏನ್ರೀ, ಊಟಕ್ಕ ಬರ್ತೀರೋ ಇಲ್ಲೋ ಎಂದು ನನ್ನನ್ನೇ ಕೇಳಿತು.

ಆಗ ಹಿಂದಿನಿಂದ ಮನೆಯೇ ಅದುರುವ ಹಾಗೆ ಒಂದು ಸೀನು ಬಂತು.

ತಿರುಗಿ ನೋಡಿದೆ. ಮಾವ ಹೊರಸಿನ ಮೇಲೆ ಕುಳಿತಿದ್ದರು. ಮೂಗಿನ ತುದಿಯಲ್ಲಿ ಕಂದು ಪುಡಿ ಅಂಟಿತ್ತು. ಚಾಚಾನ ನಶ್ಯದ ಡಬ್ಬಿ ಅವರ ತೊಡೆಯ ಮೇಲಿತ್ತು. ಎರಡೂ ಕೈಯಿಂದ ಮೂಗನ್ನು ಗಟ್ಟಿಯಾಗಿ ಅದುಮಿ ಹಿಡಿದುಕೊಂಡಿದ್ದರು, ಕಣ್ಣಿಂದ ನೀರು ಧಾರಾಕಾರ. ಅವರದು ಜೋಡಿ ಸೀನಲ್ಲವೇ, ಬೆನ್ನಿಗೇ ಬರುವ ಇನ್ನೊಂದು ಹೊರಬಿದ್ದರೆ ಟೇಪಿನದೂ ಸೇರಿ ಮೂರಾಗಿಬಿಡುತ್ತಿತ್ತು.

"ಟೇಪಿಂದೊಂದು, ನಂದೊಂದು. ಎರಡಾತು. ಹೋಗವ್ವಾ, ಲಗೂ ಹೋಗು" ಎಂದರು. ಮೂಗು ಹಿಡಿದಿದ್ದರಿಂದ ಅವರ ದನಿಯೂ ಟೇಪಿನ ಹಾಗೆ ಕೀಚಲಾಗಿತ್ತು.

"ನಶ್ಯದ ಸೀನು ಲೆಕ್ಕಕ್ಕಿಲ್ಲ ಅಂತಿದ್ರಲ್ಲ ಮಾವಾ" ಎಂದೆ.

"ಟೇಪಿನ ಸೀನು ಲೆಕ್ಕಕ್ಕ ಬಂದ್ರ ನಶ್ಯದ್ದೂ ಬರ್ತದ."

ಬಾಗಿಲು ಎಳೆದುಕೊಂಡು ಓಡಿದೆ. ನಾನು ಓಣಿಯ ಮೂಲೆ ತಿರುಗುವ ತನಕ ಮಾವ ಹಾಗೆಯೇ ಮೂಗು ಹಿಡಿದುಕೊಂಡಿದ್ದರಂತೆ, ಕೈ ಬಿಟ್ಟ ಮೇಲೆ ಏಳೆಂಟು ಸಲ ಸೀನಿ ಹೊರಸಿಗೆ ಒರಗಿದರಂತೆ. ಚಾಚಾ ಇದನ್ನು ಆಮೇಲೆ ಊರಿಗೆಲ್ಲ ಹೇಳಿದರು.

ಬಸ್ಸು ಸಿಕ್ಕಿತು. ಸಿರವಾರ ದಾಟುವ ತನಕ ನಗುತ್ತಲೂ ಅಳುತ್ತಲೂ ಇದ್ದೆ. ಪಕ್ಕದಲ್ಲಿ ಭತ್ತದ ಚೀಲ ಹಿಡಿದು ಕುಳಿತ ಹೆಂಗಸು ಯಾರು ಸತ್ತರು, ಯಾವ ಊರಿನ ಮಣ್ಣಿಗೆ ಹೊರಟಿದ್ದೀಯವ್ವಾ ಎಂದು ಕೇಳಿದಳು. ಡ್ಯೂಟಿಗೆ ಎಂದೆ. ಅವಳು ನಂಬಲಿಲ್ಲ. ಅವಳು ಇಳಿದ ಮೇಲೆ ತಲೆ ತಿಳಿಯಾಯಿತು, ಆಗ ನೆನಪಿಗೆ ಬಂದದ್ದು ಕನ್ನಡಿಯ ಹಿಂದಿನ ಬ್ಲೇಡು. ಮೂರು ದಿನ. ಒಂದು ಸಲ ಕತ್ತರಿಸಿ ಒಂದು ಸಲ ಅಂಟಿಸುವ ಕೆಲಸ. ಊರವರ ರೇಡಿಯೋಗಳ ಕೂದಲೆಳೆಯಂಥ ತಂತಿ ಜೋಡಿಸುವ ಮನುಷ್ಯನಿಗೆ ಅಷ್ಟು ಆಗಲಿಲ್ಲವೇ? ದೇವದುರ್ಗದ ಆಫೀಸಿನಲ್ಲಿ ಹಾಜರಿ ಪುಸ್ತಕಕ್ಕೆ ಸಿಟ್ಟಿನಲ್ಲೇ ಸಹಿ ಹಾಕಿದೆ.

ಮುಂದಿನ ವಾರದ ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಮಾನ್ವಿಗೆ ಬಂದೆ. ದಾರಿಯುದ್ದಕ್ಕೂ ಬಯ್ಗುಳ ಜೋಡಿಸಿಕೊಂಡೇ ಬಂದಿದ್ದೆ. ಬಾಗಿಲು ನೂಕಿದರೆ ಏನೂ ಸದ್ದಿಲ್ಲ, ಬರೀ ಕಿರ್ರೆಂದಿತು. ಚೌಕಟ್ಟಿನ ಸ್ವಿಚ್ಚಿಲ್ಲ, ವಯರಿಲ್ಲ, ಟೇಪಿಲ್ಲ. ಮಾವ ಮಲಗಿದ್ದರು. ನಮ್ಮ ಮನೆಯವರು ಒಲೆಯ ಮುಂದೆ ಕುಳಿತು ದಿಕ್ಕುದಿಕ್ಕಿಗೆ ಮೂಲೆಯಿದ್ದ ಒಂದು ರೊಟ್ಟಿಯನ್ನು ಬೇಯಿಸುತ್ತಿದ್ದರು.

ಬೇಕಂತಲೇ ಕತ್ತರಿಸಿದಿರಾ ಎಂದು ಕೇಳಿದೆ. ಅವರು ರೊಟ್ಟಿ ತಿರುವುವುದು ಬಿಡಲಿಲ್ಲ.

"ಅದು ತಾನ ಹರೀತು. ಆದ್ರ ಉಳಿದದ್ದು ತಗೀಬೋದಿತ್ತು. ತಗೀಲಿಲ್ಲ" ಎಂದರು. ಆಮೇಲೆ, "ಹೋಗಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ಲ. ಹೋಗು ಅನ್ನಾಕೂ ಬರಲಿಲ್ಲ" ಎಂದರು.

ಜೋಡಿಸಿಕೊಂಡು ಬಂದ ಬಯ್ಗುಳಗಳೆಲ್ಲ ಎಲ್ಲಿ ಹೋದವೋ. ಇದ್ದ ಸಿಟ್ಟು ಹೋಗಲಿಲ್ಲ, ಅದು ಬೇರೆ ಮಾತು. ಹೋಗಬೇಡ ಎಂದಿದ್ದರೆ ಜಗಳವಾಡುತ್ತಿದ್ದೆ, ಅತ್ತು ಕರೆದು ಹೇಗೋ ಬಗೆಹರಿಯುತ್ತಿತ್ತು. ಬಾಗಿಲಿಗೆಲ್ಲ ಬಾಯಿ ಕೊಟ್ಟವರು ತಮ್ಮ ಬಾಯಿಗೆ ಬೀಗ ಹಾಕಿಕೊಂಡು, ಕಾಲು ಮುರಿದ ಮುದುಕನ ಭಯದ ಹಿಂದೆ ಅಡಗಿ ಕುಳಿತರಲ್ಲ. ಇದನ್ನಷ್ಟು ಹೇಳಿದೆ. ರೊಟ್ಟಿ ಹೊತ್ತಿತು. ಹೊತ್ತಿದ್ದನ್ನೇ ಇಬ್ಬರೂ ಹಂಚಿಕೊಂಡು ತಿಂದೆವು.

ಸೋಮವಾರ ನಸುಕಿನಲ್ಲಿ ಮತ್ತೆ ಹೊರಟೆ. ರೂಢಿಯ ಬಲ ನೋಡಿ, ಬಾಗಿಲು ತೆರೆದು ಏನಾದರೂ ಸದ್ದು ಬಂದೀತೆಂದು ನಿಂತೇ ಇದ್ದೆ. ಏನ್ ನಿಂತಿ, ಬಸ್ ಹೋಗ್ತದ ಎಂದು ಮಾವ ಹೊರಸಿನಿಂದಲೇ ಗದರಿದರು. ನಮ್ಮ ಮನೆಯವರು ನನ್ನ ಕೈಯಿಂದ ಚೀಲ ತೆಗೆದುಕೊಂಡು ಮುಂದೆ ನಡೆದರು. ಕಿಟಕಿಯಲ್ಲಿ ಚೀಲ ಕೊಟ್ಟರು, ಕಂಡಕ್ಟರು ಸೀಟಿ ಊದಿದ, ಟೇಪು ಬಂತೆಂದು ನಾನು ಬೆಚ್ಚಿದೆ. ಬಸ್ಸು ಅಲುಗಾಡಿದಾಗ ಅವರು ಕಿಟಕಿಯ ಸರಳು ಹಿಡಿದು ನಾಲ್ಕು ಹೆಜ್ಜೆ ಜೊತೆಗೆ ನಡೆದು, "ಹೋಗಿ ಬಾ" ಎಂದರು.

ಎಲ್ಲರ ಮನೆಯಲ್ಲಿ ಎಲ್ಲರೂ ಅನ್ನುವ ಮಾತು ಇದು. ಇದನ್ನು ಅನ್ನುವುದಕ್ಕೆ ಈ ಮನುಷ್ಯನಿಗೆ ಎರಡು ವರ್ಷ ಬೇಕಾದವು, ಒಂದು ಟೇಪ್ ರೆಕಾರ್ಡರು ಬೇಕಾಯಿತು, ಹೆತ್ತ ತಂದೆಯ ಮೂಗು ಬೇಕಾಯಿತು. ಸಿರವಾರ ಬರುವ ತನಕ ಬಯ್ದುಕೊಳ್ಳುತ್ತಲೇ ಹೋದೆ. ಆ ಎರಡು ಮಾತು ಅವರದೇ ದನಿಯಲ್ಲಿ, ದಪ್ಪಗೆ, ನಿಧಾನವಾಗಿ, ಕಿವಿಯಲ್ಲಿ ಸುತ್ತುತ್ತಲೇ ಇದ್ದವು.